ಮಳೆ ಪುಸ್ತಕ ಮತ್ತು ನಮ್ಮ ಮನೆಯ ಹೆಣ್ಣುಮಕ್ಕಳು



ಕಳೆದ ತಿಂಗಳು ನಮ್ಮ ಸಂಘದ ಸಭಾಂಗಣದಲ್ಲಿ ಸ್ವಯಂಚಾಲಿತ ಹವಾಮಾನ ಯಂತ್ರದ ಬಗ್ಗೆ ಒಂದು ದಿನದ ತರಬೇತಿ ನಡೆದುದು ತಮಗೆ ತಿಳಿದಿದೆ. ಬರುವವರು ತಮ್ಮ ತೋಟದ ಮಳೆ ಪುಸ್ತಕವನ್ನು ಜೊತೆಗೆ ತರಬೇಕೆಂದು ಸುತ್ತೋಲೆಯಲ್ಲಿ ಕೋರಲಾಗಿತ್ತು. ಹಾಜರಿ ಪುಸ್ತಕದಲ್ಲಿ 34 ಸಹಿಗಳಿವೆ, ಅಷ್ಟೂ ಗಂಡಸರವು. ಮಳೆ ಪುಸ್ತಕ ತಂದವರು 11 ಮಂದಿ. ಊಟದ ಬಿಡುವಿನಲ್ಲಿ ಆ ಪುಸ್ತಕಗಳನ್ನು ತಿರುವಿ ಹಾಕುತ್ತಾ, ಇದು ಯಾರ ಅಕ್ಷರ ಎಂದು ಒಬ್ಬೊಬ್ಬರನ್ನೇ ವಿಚಾರಿಸಿದೆ. "ನಮ್ಮ ಮನೆಯವಳದು" ಎಂದರು ಒಬ್ಬರು. "ಅಮ್ಮ ಬರೆಯುತ್ತಿದ್ದರು, ಈಗ ಸೊಸೆ ಬರೀತಾಳೆ" ಎಂದರು ಇನ್ನೊಬ್ಬರು. ಕೊನೆಗೆ ಲೆಕ್ಕ ಹಾಕಿದರೆ 11 ಪುಸ್ತಕಗಳಲ್ಲಿ 8 ಹೆಂಗಸರ ಕೈಬರಹದವು.

ಅಂದರೆ, ದಿನವೂ ಮಳೆ ಅಳೆಯುವವರು ಮನೆಯಲ್ಲಿದ್ದರು. ಅಳೆಯುವ ವಿದ್ಯೆಯ ಪಾಠಕ್ಕೆ ಬಂದವರು ಬೇರೆಯವರು. ಆ ಸುತ್ತೋಲೆಗೆ ಸಹಿ ಹಾಕಿದವನು ನಾನೇ ಆದುದರಿಂದ ತಪ್ಪಿನ ಮೊದಲ ಪಾಲು ನನ್ನದು. ಈ ಲೇಖನವನ್ನು ಅದರ ಪ್ರಾಯಶ್ಚಿತ್ತವೆಂದು ತಿಳಿದರೂ ಸರಿಯೇ. ಹವಾಮಾನ ತಂತ್ರಜ್ಞಾನವೆಂಬುದು ರೈತನಿಗೆ ಯಾವ ರೀತಿ ಒದಗಿ ಬಂತು, ಅದನ್ನು ಕಟ್ಟಿ ನಡೆಸಿದ ಹೆಂಗಸರು ಯಾರು, ಅದರಿಂದ ನಾವು ಕಲಿಯಬೇಕಾದುದೇನು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

1. ಒಂದು ಇಂಚು ಮಳೆ ಎಂದರೆ ಎಷ್ಟು ನೀರು?

ನಮ್ಮಲ್ಲಿ ಮಳೆಯನ್ನು ಇಂಚು, ಸೆಂಟುಗಳಲ್ಲಿ ಹೇಳುವ ರೂಢಿ ಇನ್ನೂ ಹೋಗಿಲ್ಲ. 100 ಸೆಂಟಿಗೆ ಒಂದು ಇಂಚು. ಒಂದು ಇಂಚಿಗೆ 25.4 ಮಿಲಿಮೀಟರು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ನೀರು. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರು. ಆದ್ದರಿಂದ ಒಂದು ಎಕರೆಗೆ ಒಂದು ಇಂಚು ಮಳೆ ಬಿತ್ತೆಂದರೆ ಸುಮಾರು 1 ಲಕ್ಷದ 2 ಸಾವಿರದ 800 ಲೀಟರ್ ನೀರು ಬಿದ್ದಂತಾಯಿತು.

ಈ ಲೆಕ್ಕ ಯಾಕೆ ಬೇಕು? ಮಾರ್ಚಿಯಲ್ಲಿ ರೊಬಸ್ಟಾಕ್ಕೆ ಹೂಮಳೆ ಬರದೆ ಸ್ಪ್ರಿಂಕ್ಲರ್ ಹಾಕುವವರನ್ನು ಕೇಳಿ. ಅಳತೆಯಲ್ಲಿ 20 ಸೆಂಟು ತಪ್ಪಿದರೆ ಎಕರೆಗೆ 20 ಸಾವಿರ ಲೀಟರಿಗೂ ಹೆಚ್ಚು ನೀರಿನ ಲೆಕ್ಕ ತಪ್ಪಿತು. ಕೆರೆಯ ನೀರು ಸಾಲದ ವರ್ಷ ಅದು ಸಣ್ಣ ತಪ್ಪಲ್ಲ. ಅರ್ಧಂಬರ್ಧ ನೆನೆದು ಮೊಗ್ಗು ಸರಿಯಾಗಿ ಅರಳದೆ ಹೋದರೆ ಆ ವರ್ಷದ ಫಸಲಿಗೇ ಪೆಟ್ಟು.

2. ಏಲಕ್ಕಿ ತೋಟದ ಮನೆಯಿಂದ ಬಂದ ವಿಜ್ಞಾನಿ

ನಮ್ಮ ದೇಶದಲ್ಲಿ ಹವಾಮಾನವನ್ನು ಅಳೆಯುವ ಉಪಕರಣಗಳು ಇಲ್ಲಿಯೇ ತಯಾರಾಗುವಂತೆ ಮಾಡಿದವರಲ್ಲಿ ಅಗ್ರಗಣ್ಯರು ಅನ್ನಾ ಮಣಿ. ಅವರು 1918ರಲ್ಲಿ ಅಂದಿನ ತಿರುವಾಂಕೂರು ಸಂಸ್ಥಾನದ ಪೀರಮೇಡಿನಲ್ಲಿ ಜನಿಸಿದರು. ತಂದೆ ಇಂಜಿನಿಯರು; ಏಲಕ್ಕಿ ತೋಟಗಳ ಮಾಲೀಕರು. ನಮ್ಮಂತೆಯೇ ತೋಟದ ಮನೆ. ಗಂಡುಮಕ್ಕಳಿಗೆ ವಿದ್ಯೆ ಮತ್ತು ಉದ್ಯೋಗ, ಹೆಣ್ಣುಮಕ್ಕಳಿಗೆ ಮದುವೆ ಎಂಬುದು ಆ ಮನೆಯ ಕ್ರಮವೂ ಆಗಿತ್ತು. ಎಂಟನೆಯ ಹುಟ್ಟುಹಬ್ಬಕ್ಕೆ ವಾಡಿಕೆಯಂತೆ ವಜ್ರದ ಓಲೆ ಕೊಡಲು ಬಂದಾಗ ಹುಡುಗಿ ಅದನ್ನು ಬೇಡವೆಂದು, ಎನ್ಸೈಕ್ಲೋಪೀಡಿಯಾ ಬ್ರಿಟಾನಿಕಾ ಪುಸ್ತಕಗಳನ್ನು ಕೇಳಿದಳಂತೆ.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, 1940ರಲ್ಲಿ ವಿದ್ಯಾರ್ಥಿವೇತನ ಪಡೆದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಸರ್ ಸಿ. ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ ಮತ್ತು ಮಾಣಿಕ್ಯಗಳು ಬೆಳಕನ್ನು ಹೊರಸೂಸುವ ರೀತಿಯ ಬಗ್ಗೆ ಸಂಶೋಧನೆ ನಡೆಸಿದರು. ಓಲೆಯ ವಜ್ರ ಬೇಡವೆಂದವರಿಗೆ ಪ್ರಯೋಗಾಲಯದ ವಜ್ರ ಒದಗಿತೆನ್ನಬಹುದು. ಐದು ಪ್ರಬಂಧಗಳನ್ನು ಒಬ್ಬರೇ ಬರೆದು ಪ್ರಕಟಿಸಿದರು. ಆದರೆ ಎಂ.ಎಸ್‌ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ಮದರಾಸು ವಿಶ್ವವಿದ್ಯಾನಿಲಯವು ಅವರಿಗೆ ಡಾಕ್ಟರೇಟ್ ನೀಡಲಿಲ್ಲ. ಆ ಪದವಿ ಅವರಿಗೆ ಕೊನೆಯವರೆಗೂ ಬರಲಿಲ್ಲ. ಅದಕ್ಕಾಗಿ ಅವರು ಕಾದು ಕೂರಲೂ ಇಲ್ಲ.

1945ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ಹೋದಾಗ ಅವರ ಆಸೆ ಭೌತಶಾಸ್ತ್ರ ಓದುವುದಾಗಿತ್ತು. ಆದರೆ ದೊರೆತ ವಿದ್ಯಾರ್ಥಿವೇತನ ಹವಾಮಾನ ಉಪಕರಣಗಳ ತರಬೇತಿಗೆ. ಒದಗಿದ್ದನ್ನೇ ಮನಸ್ಸಿಟ್ಟು ಕಲಿತು, 1948ರಲ್ಲಿ ಸ್ವತಂತ್ರ ಭಾರತಕ್ಕೆ ಮರಳಿ ಪುಣೆಯಲ್ಲಿ ಭಾರತೀಯ ಹವಾಮಾನ ಇಲಾಖೆಯ ಉಪಕರಣ ವಿಭಾಗ ಸೇರಿದರು. ಆಗ ಉಪಕರಣಗಳಿಗೆ ಬಹುಮಟ್ಟಿಗೆ ವಿದೇಶದ ಕಡೆ ನೋಡಬೇಕಿತ್ತು. ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಅವರು ಪ್ರಮಾಣೀಕರಿಸಿ, ಇಲ್ಲಿಯೇ ತಯಾರಿಸುವ ಏರ್ಪಾಡು ಮಾಡಿದರು. 1953ರ ವೇಳೆಗೆ ವಿಭಾಗದ ಮುಖ್ಯಸ್ಥೆಯಾದ ಅವರ ಕೈಕೆಳಗೆ 121 ಮಂದಿ ಗಂಡಸರು ಕೆಲಸ ಮಾಡುತ್ತಿದ್ದರು.

1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದ ಸಂದರ್ಭದಲ್ಲಿ ದೇಶದಾದ್ಯಂತ ಸೂರ್ಯನ ಶಾಖವನ್ನು ಅಳೆಯುವ ಕೇಂದ್ರಗಳ ಜಾಲವನ್ನು ಸ್ಥಾಪಿಸಿದರು. 1976ರಲ್ಲಿ ಇಲಾಖೆಯ ಉಪ ಮಹಾನಿರ್ದೇಶಕರಾಗಿ ನಿವೃತ್ತರಾದ ಮೇಲೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕುಳಿತು, 1980 ಮತ್ತು 1981ರಲ್ಲಿ ಭಾರತದ ಸೌರಶಕ್ತಿಯ ಅಂಕಿಅಂಶಗಳ ಎರಡು ದೊಡ್ಡ ಗ್ರಂಥಗಳನ್ನು ಹೊರತಂದರು. ಗಾಳಿಯ ವೇಗವನ್ನೂ ಸೂರ್ಯನ ಶಾಖವನ್ನೂ ಅಳೆಯುವ ಉಪಕರಣಗಳನ್ನು ಮಾಡುವ ಸಣ್ಣ ಕಾರ್ಯಾಗಾರವೊಂದನ್ನು ಬೆಂಗಳೂರಿನಲ್ಲೇ ನಡೆಸಿದರು. 2001ರಲ್ಲಿ ನಿಧನರಾದರು. ಇಂದು ನಾವು ಪಂಪ್‌ಸೆಟ್ಟಿಗೆ ಸೌರಫಲಕ ಹಾಕಿಸುವಾಗ, ಇಲ್ಲಿ ಇಷ್ಟು ಬಿಸಿಲು ಸಿಕ್ಕೀತು ಎಂದು ಲೆಕ್ಕ ಹೇಳುವ ವಿದ್ಯೆಗೆ ಈ ದೇಶದಲ್ಲಿ ಬುನಾದಿ ಹಾಕಿದವರು ಅವರು.

ಅವರ ಒಂದು ನಿಲುವನ್ನು ನಾವೆಲ್ಲ ನೆನಪಿಡಬೇಕು. ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ಮೇಲು ಎಂದು ಅವರು ಹೇಳುತ್ತಿದ್ದರು. ಯಾಕೆಂದರೆ ಅಳತೆ ಇಲ್ಲದವನು ಆಕಾಶ ನೋಡಿ ಎಚ್ಚರವಾಗಿರುತ್ತಾನೆ. ತಪ್ಪು ಅಳತೆ ಇರುವವನು ನಿಶ್ಚಿಂತೆಯಿಂದ ನಿದ್ರೆ ಮಾಡುತ್ತಾನೆ. ಇದು ನನ್ನ ಅನುಭವದ ಮಾತೂ ಹೌದು. ಮುಂದೆ ಹೇಳುತ್ತೇನೆ.

3. ಮೇಲಿನಿಂದ ಮಳೆ ಅಳೆದವರು

ಭೂಮಿಯ ಮೇಲೆ ಮಳೆಮಾಪಕ ಇಡಬಹುದು; ಸಮುದ್ರದ ಮೇಲೆ ಇಡುವುದು ಹೇಗೆ? ನಮ್ಮ ಮುಂಗಾರು ಹುಟ್ಟಿ ಬರುವುದು ಸಮುದ್ರದಿಂದಲೇ. ಈ ತೊಡಕನ್ನು ಬಿಡಿಸಲು ಶ್ರಮಿಸಿದವರಲ್ಲಿ ಅಮೆರಿಕೆಯ ಜೋನ್ ಸಿಂಪ್ಸನ್ ಮುಖ್ಯರು. ಹವಾಮಾನ ಶಾಸ್ತ್ರದಲ್ಲಿ ಯಾವ ಹೆಂಗಸೂ ಡಾಕ್ಟರೇಟ್ ಪಡೆದಿಲ್ಲ, ಪಡೆಯುವುದೂ ಇಲ್ಲ, ಪಡೆದರೂ ಕೆಲಸ ಕೊಡುವವರಿಲ್ಲ ಎಂದು ಆಕೆಗೆ ಅಧ್ಯಾಪಕರೇ ಹೇಳಿದ್ದುಂಟು. 1949ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದಿಂದ ಆಕೆ ಆ ಪದವಿ ಪಡೆದರು. ತಮ್ಮ ದೇಶದಲ್ಲಿ ಆ ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಮೊದಲ ಮಹಿಳೆಯಾದರು. ಮುಂದೆ ಉಷ್ಣವಲಯದ ಮಳೆಯನ್ನು ಅಳೆಯುವ ಉಪಗ್ರಹ ಯೋಜನೆಯ ವೈಜ್ಞಾನಿಕ ಮುಂದಾಳುತನ ವಹಿಸಿದರು. ಜಪಾನ್ ಮತ್ತು ಅಮೆರಿಕ ಕೂಡಿ ಕಟ್ಟಿದ ಆ ಉಪಗ್ರಹ 1997ರ ನವೆಂಬರಿನಲ್ಲಿ ಮೇಲೇರಿ 2015ರವರೆಗೆ ಕೆಲಸ ಮಾಡಿತು. ಮಳೆ ಅಳೆಯುವ ರಾಡಾರ್ ಆಕಾಶಕ್ಕೆ ಹೋದದ್ದು ಅದೇ ಮೊದಲು. ನಿಮ್ಮ ಮೊಬೈಲಿನಲ್ಲಿ ಇಂದು ಕಾಣುವ ಮಳೆ ನಕ್ಷೆಗಳ ಹಿಂದೆ ಅಂಥ ಕೆಲಸವಿದೆ.

4. ಮುಂಗಾರಿನ ಬಿಡುವನ್ನು ಅಭ್ಯಾಸ ಮಾಡಿದವರು

ಗಾಡ್ಗೀಳ್ ಎಂಬ ಹೆಸರು ನಮ್ಮಲ್ಲಿ ಯಾರಿಗೆ ತಿಳಿಯದು? 2011ರ ಪಶ್ಚಿಮಘಟ್ಟದ ವರದಿಯ ಮೇಲೆ ನಮ್ಮ ಸಭೆಗಳಲ್ಲಿ ಎಷ್ಟು ಬಿಸಿ ಮಾತು ನಡೆಯಿತೋ ಲೆಕ್ಕವಿಲ್ಲ. ಆ ಮಾಧವ ಗಾಡ್ಗೀಳರ ಪತ್ನಿ ಸುಲೋಚನಾ ಗಾಡ್ಗೀಳ್ ಅವರ ಹೆಸರು ಮಾತ್ರ ನಮ್ಮ ಕಡೆ ಕೇಳಿಬರುವುದು ಕಡಿಮೆ. ಮಳೆಯನ್ನೇ ನಂಬಿದ ನಮಗೆ ಹೆಚ್ಚು ಹತ್ತಿರದವರು ಅವರು.

1944ರಲ್ಲಿ ಪುಣೆಯಲ್ಲಿ ಹುಟ್ಟಿದ ಅವರು ಅಮೆರಿಕೆಯ ಹಾರ್ವರ್ಡಿನಲ್ಲಿ 1970ರಲ್ಲಿ ಡಾಕ್ಟರೇಟ್ ಪಡೆದು ಸ್ವದೇಶಕ್ಕೆ ಮರಳಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ಮುಂಗಾರಿನ ಅಧ್ಯಯನ ನಡೆಸಿದರು. ಡಿ. ಆರ್. ಸಿಕ್ಕಾ ಅವರೊಡನೆ 1980ರಲ್ಲಿ ಪ್ರಕಟಿಸಿದ ಪ್ರಬಂಧ ಪ್ರಸಿದ್ಧವಾದುದು. ಉಪಗ್ರಹದ ಚಿತ್ರಗಳನ್ನು ದಿನದಿನವೂ ಪರಿಶೀಲಿಸಿ, ಸಮಭಾಜಕದ ಬಳಿಯ ಸಾಗರದ ಮೇಲೆ ಮೋಡಗಳ ಒಂದು ಪಟ್ಟಿ ಹುಟ್ಟಿ, ಕೆಲವು ವಾರಗಳ ಅಂತರದಲ್ಲಿ ಮತ್ತೆ ಮತ್ತೆ ಉತ್ತರಕ್ಕೆ ಸರಿದು ಬರುತ್ತದೆಂದು ಅವರು ತೋರಿಸಿದರು. ಮುಂಗಾರು ಒಂದೇ ಸಮ ಸುರಿಯದೆ, ಕೆಲವು ದಿನ ಜೋರು, ಕೆಲವು ದಿನ ಬಿಡುವು ಎಂಬಂತೆ ನಡೆಯುವುದರ ಗುಟ್ಟು ಇದರಲ್ಲಿದೆ. ಆರಿದ್ರೆ ಹೀಗೆ, ಪುನರ್ವಸು ಹಾಗೆ, ಪುಷ್ಯ ಹಿಡಿದರೆ ಬಿಡದು ಎಂದು ನಮ್ಮ ಹಿರಿಯರು ಗುರುತಿಸುತ್ತಾ ಬಂದ ಏರಿಳಿತವನ್ನು ಆಕೆ ಮೋಡದ ಚಲನೆಯಲ್ಲಿ ಕಂಡರು.

ಪ್ರಯೋಗಾಲಯದಲ್ಲೇ ಅವರು ನಿಲ್ಲಲಿಲ್ಲ. ಪಾವಗಡ ಪ್ರದೇಶದ ಮಳೆ ಆಶ್ರಿತ ಶೇಂಗಾ ರೈತರ ಬಳಿ ಹೋಗಿ, ಬಿತ್ತನೆ ಯಾವಾಗ, ರೋಗ ಯಾವಾಗ, ಯಾವ ಹೊತ್ತಿನ ಒಣಹವೆ ಬೆಳೆಗೆ ಹೆಚ್ಚು ಪೆಟ್ಟು ಕೊಡುತ್ತದೆ ಎಂದು ಕೇಳಿ ತಿಳಿದರು. ಹಳೆಯ ವರ್ಷಗಳ ಮಳೆ ಲೆಕ್ಕವನ್ನು ತೆಗೆದು, ಬೆಳೆಯ ಬೆಳವಣಿಗೆಯ ಗಣಿತದೊಡನೆ ಸೇರಿಸಿ, ಯಾವ ದಿನಾಂಕದ ಬಿತ್ತನೆಗೆ ಎಷ್ಟು ಅಪಾಯವೆಂದು ಅವರ ತಂಡ ಲೆಕ್ಕ ಹಾಕಿತು. ಪ್ರಶ್ನೆ ರೈತನದು, ಲೆಕ್ಕ ವಿಜ್ಞಾನಿಯದು. ಇದೇ ಸರಿಯಾದ ಕ್ರಮ. ತೀವ್ರ ಬರಗಾಲವೊಂದು ದೇಶದ ಒಟ್ಟು ಉತ್ಪನ್ನದಲ್ಲಿ ಶೇಕಡ 2ರಿಂದ 5ರಷ್ಟನ್ನು ಕಸಿಯುತ್ತದೆಂದು 2006ರಲ್ಲಿ ತಮ್ಮ ಮಗನೊಡನೆ ಬರೆದ ಪ್ರಬಂಧದಲ್ಲಿ ತೋರಿಸಿದವರೂ ಅವರೇ. 2025ರ ಜುಲೈಯಲ್ಲಿ, ಮುಂಗಾರಿನ ನಡುವಿನಲ್ಲೇ, ಅವರು ತೀರಿಕೊಂಡರು.

ಒಂದು ಮಾತು ಗಮನಿಸಿ. ಹಳೆಯ ಮಳೆ ಲೆಕ್ಕ ಎಂದೆನಲ್ಲವೇ? ಆ ಲೆಕ್ಕ ಎಲ್ಲಿಂದ ಬಂತು? ಯಾರೋ ಪ್ರತಿದಿನ ಬೆಳಿಗ್ಗೆ ಎದ್ದು ಅಳೆದು ಬರೆದಿಟ್ಟಿದ್ದರಿಂದ ಬಂತು.

5. ನಮ್ಮ ತೋಟದ ತಪ್ಪು

ನಮ್ಮ ಮನೆಯಲ್ಲಿ ಆ ಕೆಲಸ ಅಕ್ಕನದಾಗಿತ್ತು. ಕಣದ ಅಂಚಿನ ಬಯಲಿನಲ್ಲಿ ಮಳೆಮಾಪಕ. ಬೆಳಿಗ್ಗೆ ಎಂಟೂವರೆಗೆ ಕೊಡೆ ಹಿಡಿದು ಹೋಗಿ ಅಳೆದು, ಬಂದು ಬರೆಯುತ್ತಿದ್ದಳು. ಜ್ವರ ಬಂದರೂ ತಪ್ಪಿಸಲಿಲ್ಲ. ಪಿ.ಯು.ಸಿ.ಯಲ್ಲಿ ಗಣಿತಕ್ಕೆ ನನಗಿಂತ ಹೆಚ್ಚು ಅಂಕ ಪಡೆದವಳು. ಆದರೆ ಬಿ.ಎಸ್‌ಸಿ. ಓದಲು ಶಿವಮೊಗ್ಗಕ್ಕೆ ಹೋದವನು ನಾನು. 1989ರಲ್ಲಿ ಅವಳ ಮದುವೆಯಾಯಿತು. ಮಳೆ ಪುಸ್ತಕದ ರಟ್ಟಿನ ಮೇಲೆ ತಂದೆಯವರ ಹೆಸರಿದೆ. ಒಳಗಿನ ಹಾಳೆಗಳಲ್ಲೆಲ್ಲ ಅವಳ ಅಕ್ಷರ.

ಅವಳು ಹೋದ ಮೇಲೆ ಪುಸ್ತಕ ರೈಟರ ಕೈಗೆ ಹೋಯಿತು. ಕೆಲವು ವರ್ಷಗಳ ನಂತರ ಕಾರ್ ಶೆಡ್ ಕಟ್ಟುವಾಗ ಮಳೆಮಾಪಕವನ್ನು ಕಿತ್ತು ಹಲಸಿನ ಮರದ ಪಕ್ಕ ನೆಟ್ಟೆವು. ಯಾರಿಗೂ ಅದು ದೊಡ್ಡ ವಿಷಯವೆನಿಸಲಿಲ್ಲ.

2013ರ ಮಳೆಗಾಲವನ್ನು ಅಡಿಕೆ ಬೆಳೆಗಾರರು ಮರೆತಿರಲಾರರು. ಸಂಘದ ಕೆಲಸಕ್ಕಾಗಿ ನಾನು ಪೇಟೆಯ ಮನೆಯಲ್ಲಿದ್ದೆ. ಮೊದಲ ಬೋರ್ಡೋ ಸಿಂಪಡಣೆ ಆಗಿತ್ತು. ಎರಡನೆಯದು 40-45 ದಿನಕ್ಕೆ ಆಗಬೇಕು. ಎಡೆಬಿಡದ ಮಳೆ ಹಿಡಿದರೆ ಇನ್ನೂ ಎಚ್ಚರ ಬೇಕು. ಕೊನೆಗಾರರು ಸಿಗುವುದು ಕಷ್ಟವಾಗಿತ್ತು. ರೈಟರು ಫೋನಿನಲ್ಲಿ ದಿನವೂ ಮಳೆ ಓದಿ ಹೇಳುತ್ತಿದ್ದರು. ಅಕ್ಕಪಕ್ಕದ ತೋಟಗಳಿಗಿಂತ ಕಡಿಮೆಯೇ ಇತ್ತು. ನಮ್ಮ ಹಳ್ಳದ ಕಡೆ ಮಳೆ ಅಷ್ಟಿಲ್ಲ, ಮದ್ದು ತೊಳೆದು ಹೋಗಿರಲಿಕ್ಕಿಲ್ಲ ಎಂದುಕೊಂಡು ಎರಡನೇ ಸಿಂಪಡಣೆಯನ್ನು ಮುಂದಕ್ಕೆ ಹಾಕಿದೆ. ಹೋಗಿ ನೋಡುವ ಹೊತ್ತಿಗೆ ಎಳೆಕಾಯಿ ಕೊಳೆತು ಬುಡದಲ್ಲಿ ಹಾಸಿಗೆಯಂತೆ ಬಿದ್ದಿತ್ತು. ಆ ವರ್ಷ ಅರ್ಧಕ್ಕರ್ಧ ಫಸಲು ಹೋಯಿತು.

ಗೌರಿ ಹಬ್ಬಕ್ಕೆ ತವರಿಗೆ ಬಂದ ಅಕ್ಕ ಮಳೆಮಾಪಕ ಇಟ್ಟ ಜಾಗ ನೋಡಿದಳು. ಆಲಿಕೆಯೊಳಗೆ ಸಿಲ್ವರ್ ಓಕ್ ಎಲೆ ಕೊಳೆತು ಅಂಟಿಕೊಂಡಿತ್ತು. "ಇದು ಮಳೆ ಅಳೀತಾ ಇಲ್ಲ ಮಾರಾಯ, ಹಲಸಿನ ಮರ ಕುಡಿದು ಬಿಟ್ಟಿದ್ದನ್ನ ಅಳೀತಾ ಇದೆ" ಎಂದಳು. ಬೇರೇನೂ ಹೇಳಲಿಲ್ಲ; ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ರೈಟರನ್ನು ದೂರುವುದು ನ್ಯಾಯವಲ್ಲ. ಅವರಿಗೆ ಯಾರೂ ಕಲಿಸಿರಲಿಲ್ಲ. ಕಲಿತಿದ್ದವಳ ಕೆಲಸವನ್ನು ನಾವು ವಿದ್ಯೆಯೆಂದು ಎಣಿಸಿರಲೇ ಇಲ್ಲ. ಮನೆಯ ಹುಡುಗಿಯ ಚಿಲ್ಲರೆ ಕೆಲಸವೆಂದು ತಿಳಿದಿದ್ದೆವು.

6. ಮಳೆ ಅಳೆಯುವವರು ಪಾಲಿಸಬೇಕಾದ ನಿಯಮಗಳು

(ಅ) ಮಳೆಮಾಪಕ ಬಯಲಿನಲ್ಲಿರಬೇಕು. ಹತ್ತಿರದ ಮರ ಅಥವಾ ಕಟ್ಟಡದ ಎತ್ತರದ ಕನಿಷ್ಠ ಎರಡು ಪಟ್ಟು ದೂರವಿರಲಿ. ಸಾಧ್ಯವಾದರೆ ನಾಲ್ಕು ಪಟ್ಟು.

(ಆ) ಬಾಯಿ ಮಟ್ಟಸವಾಗಿರಬೇಕು. ವಾಲಿದ ಮಾಪಕ ಗಾಳಿಮಳೆಯಲ್ಲಿ ಸುಳ್ಳು ಹೇಳುತ್ತದೆ.

(ಇ) ಪ್ರತಿದಿನ ಬೆಳಿಗ್ಗೆ 8.30ಕ್ಕೆ ಅಳೆದು, ಹಿಂದಿನ 24 ಗಂಟೆಗಳ ಮಳೆಯನ್ನು ಅಳೆದ ದಿನದ ತಾರೀಖಿಗೆ ಬರೆಯಬೇಕು. ಹವಾಮಾನ ಇಲಾಖೆಯ ಕ್ರಮ ಇದೇ.

(ಈ) ಅಳೆಯಲಾಗದ ದಿನ ಖಾಲಿ ಬಿಡಿ. ಸೊನ್ನೆ ಹಾಕಬೇಡಿ, ಅಂದಾಜೂ ಬರೆಯಬೇಡಿ. ಸೊನ್ನೆ ಎಂದರೆ ಮಳೆ ಬಂದಿಲ್ಲ ಎಂದರ್ಥ. ಖಾಲಿ ಎಂದರೆ ಅಳೆದಿಲ್ಲ ಎಂದರ್ಥ.

(ಉ) ಸ್ವಯಂಚಾಲಿತ ಯಂತ್ರದಲ್ಲಿ ತಕ್ಕಡಿಯಂತೆ ಓಲಾಡುವ ಎರಡು ಪುಟ್ಟ ಬಟ್ಟಲುಗಳಿರುತ್ತವೆ. ಒಂದು ತುಂಬಿ ಮಗುಚಿದಾಗ ಒಂದು ಎಣಿಕೆ. ಎಲೆ, ಜೇಡರ ಬಲೆ, ಇರುವೆಗೂಡು ಕಟ್ಟಿದರೆ ಎಣಿಕೆ ನಿಲ್ಲುತ್ತದೆ. ಆದರೆ ಮೊಬೈಲಿನಲ್ಲಿ ಅಂಕಿ ಅಂದವಾಗಿಯೇ ಕಾಣುತ್ತದೆ. ವಾರಕ್ಕೊಮ್ಮೆ ಸ್ವಚ್ಛ ಮಾಡಿ. ತುಂಬಾ ಬಿರುಸಿನ ಮಳೆಯಲ್ಲಿ ಈ ಯಂತ್ರ ಕೊಂಚ ಕಡಿಮೆ ತೋರಿಸುವುದುಂಟು. ಆದ್ದರಿಂದ ಹಳೆಯ ಮಳೆಮಾಪಕವನ್ನು ತೆಗೆದು ಹಾಕದೆ ಎರಡನ್ನೂ ತಾಳೆ ನೋಡಿ.

7. ಹೆಣ್ಣುಮಕ್ಕಳಿಗೆ ಇರುವ ದಾರಿ

ಇಂದು ಈ ಕ್ಷೇತ್ರದಲ್ಲಿ ಓದಲು ದೂರ ಹೋಗಬೇಕಾಗಿಲ್ಲ. 2012ರಲ್ಲಿ ಸ್ಥಾಪನೆಯಾದ ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಮೂಡಿಗೆರೆಯಲ್ಲಿ ತೋಟಗಾರಿಕಾ ಕಾಲೇಜಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಕೃಷಿ ಹವಾಮಾನ ಶಾಸ್ತ್ರದ ವಿಭಾಗವಿದೆ. ಭೌತಶಾಸ್ತ್ರ, ಗಣಿತ ಓದಿದವರಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ವಾಯುಮಂಡಲ ಮತ್ತು ಸಾಗರ ವಿಜ್ಞಾನ ಕೇಂದ್ರವಿದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನಿಟ್ಟು ನಡೆಸುತ್ತಿದೆ. ಇಂಥ ಯಂತ್ರಗಳನ್ನು ಸರಿಪಡಿಸುವ, ಅಂಕಿಗಳನ್ನು ಓದಿ ಬೆಳೆಗಾರನಿಗೆ ಅರ್ಥವಾಗುವಂತೆ ಹೇಳುವ ಜನ ಬೇಕಾಗಿದ್ದಾರೆ.

"ಹೆಣ್ಣುಮಕ್ಕಳಿಗೆ ಕಲಿಸಿ ಏನು, ಮದುವೆಯಾಗಿ ಹೋಗುತ್ತಾರೆ" ಎಂದು ಕೆಲವು ಹಿರಿಯ ಸದಸ್ಯರು ನನ್ನೊಡನೆ ಹೇಳಿದ್ದಾರೆ. ಅವರಲ್ಲಿ ಗೌರವವಿಟ್ಟೇ ಕೇಳುತ್ತೇನೆ: ನಮ್ಮ ಗಂಡುಮಕ್ಕಳು ಎಲ್ಲಿದ್ದಾರೆ? ಬಹುಪಾಲು ಬೆಂಗಳೂರಿನಲ್ಲಿ. ಹೋಗುವ ಮಗಳು ಇನ್ನೊಂದು ತೋಟಕ್ಕೆ ಆ ವಿದ್ಯೆಯನ್ನು ಒಯ್ಯುತ್ತಾಳೆ. ಬರುವ ಸೊಸೆ ನಮ್ಮ ತೋಟಕ್ಕೆ ತರುತ್ತಾಳೆ. ಸಹಕಾರವೆಂದರೆ ಇದೇ ಅಲ್ಲವೇ?

ಆದುದರಿಂದ ಬರುವ ವಾರ್ಷಿಕ ಮಹಾಸಭೆಯ ಮುಂದೆ ನಾನು ಮೂರು ಸಲಹೆಗಳನ್ನು ಇಡಲಿದ್ದೇನೆ. ಒಂದು, ಮುಂದಿನ ಹವಾಮಾನ ತರಬೇತಿಗೆ ಕರೆಯೋಲೆ ಸದಸ್ಯರ ಹೆಸರಿಗಲ್ಲ, ಆ ತೋಟದಲ್ಲಿ ಮಳೆ ಅಳೆಯುವವರ ಹೆಸರಿಗೇ ಹೋಗಬೇಕು. ಎರಡು, ಸಂಘದ ಯಂತ್ರಗಳ ಉಸ್ತುವಾರಿಗೆ ಒಬ್ಬರನ್ನು ಹುದ್ದೆಯ ಹೆಸರು ಮತ್ತು ಸಂಬಳ ಕೊಟ್ಟು ನೇಮಿಸಬೇಕು. ಸದಸ್ಯರ ಮನೆಯ ಹೆಣ್ಣುಮಕ್ಕಳೂ ಅದಕ್ಕೆ ಅರ್ಜಿ ಹಾಕುವಂತಾಗಬೇಕು. ಸಹಾಯ ಎಂಬ ಹೆಸರಿನಲ್ಲಿ ಬಿಟ್ಟಿ ದುಡಿಸಿಕೊಳ್ಳುವುದು ಸಾಕು. ಮೂರು, ಆ ಹುದ್ದೆಯವರು ಆಡಳಿತ ಮಂಡಳಿಗೆ ನೇರವಾಗಿ ವರದಿ ಒಪ್ಪಿಸಬೇಕು. ಸಿಂಪಡಣೆಗೆ ಇದು ಹೊತ್ತಲ್ಲ ಎಂದು ಅವರು ಹೇಳಿದರೆ ಅಧ್ಯಕ್ಷರೂ ಕಾರ್ಯದರ್ಶಿಯೂ ಕೇಳಬೇಕು. ಅನ್ನಾ ಮಣಿಯವರ ಮಾತನ್ನು 121 ಮಂದಿ ಕೇಳಿದರು. ಅವರಾರಿಗೂ ಅದರಿಂದ ನಷ್ಟವಾಗಲಿಲ್ಲ.

ನಮ್ಮ ಮಳೆಮಾಪಕ ಈಗ ಮತ್ತೆ ಕಣದ ಅಂಚಿಗೆ ಬಂದಿದೆ. ಅಕ್ಕನೇ ಜಾಗ ಅಳೆದು ತೋರಿಸಿದಳು. ಹಳೆಯ ಪುಸ್ತಕದ ರಟ್ಟಿನ ಮೇಲೆ ತಂದೆಯವರ ಹೆಸರಿನ ಕೆಳಗೆ ಅವಳ ಹೆಸರನ್ನೂ ಬರೆದಿದ್ದೇನೆ. ಮೂವತ್ತು ವರ್ಷ ತಡವಾಯಿತು.

ಮನೆಯಲ್ಲಿ ಕೂಡಿ ಚರ್ಚಿಸಲು ಪ್ರಶ್ನೆಗಳು

1. ನಿಮ್ಮ ತೋಟದ ಮಳೆ ಪುಸ್ತಕ ಬರೆಯುವವರು ಯಾರು? ಪುಸ್ತಕದ ಮೇಲೆ ಅವರ ಹೆಸರಿದೆಯೇ?

2. ನಿಮ್ಮ ಮಳೆಮಾಪಕಕ್ಕೆ ಹತ್ತಿರದ ಮರದ ಎತ್ತರವೆಷ್ಟು, ದೂರವೆಷ್ಟು? ಇಂದೇ ಅಳೆದು ನೋಡಿ.

3. ಎರಡು ಎಕರೆ ರೊಬಸ್ಟಾಕ್ಕೆ ಒಂದೂವರೆ ಇಂಚು ನೀರು ಕೊಡಲು ಎಷ್ಟು ಲೀಟರ್ ಬೇಕು?

4. ಮನೆಯಲ್ಲಿ ಗಣಿತ ಅಥವಾ ವಿಜ್ಞಾನದಲ್ಲಿ ಆಸಕ್ತಿಯುಳ್ಳ ಹೆಣ್ಣುಮಗಳಿದ್ದರೆ, ಮುಂದೆ ಏನು ಓದಬೇಕೆಂದಿದ್ದಾಳೆ? ಈ ಪ್ರಶ್ನೆಯನ್ನು ಅವಳನ್ನೇ ಕೇಳಿ.

— ಕಾರ್ಯದರ್ಶಿ